ಮಳೆಯ ಡೈರಿಯಲ್ಲಿ ಸೊಸೆಯ ಲೆಕ್ಕ: ಬಾಣಂತಿ ಸನ್ನಿ ವಾಸಿಯಾದ ನಂತರದ ಒಂದು ಪ್ರಕರಣ

ಸಕಲೇಶಪುರ ತಾಲ್ಲೂಕಿನ ಒಂದು ತೋಟದ ಮನೆಯವರು ಹಾಸನದಲ್ಲಿರುವ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಮೊದಲ ಸಲ ಬಂದದ್ದು ಜುಲೈ ತಿಂಗಳಲ್ಲಿ, ಘಟ್ಟದ ಕಡೆ ಮಳೆ ಹಿಡಿದು ಕೂತಿದ್ದ ದಿನಗಳಲ್ಲಿ. ಇಪ್ಪತ್ತನಾಲ್ಕು ವರ್ಷದ ಸೊಸೆ, ಆಕೆಯ ಗಂಡ, ಅತ್ತೆ, ಮಾವ, ಮತ್ತು ಅತ್ತೆಯ ಕಂಕುಳಲ್ಲಿ ಹತ್ತು ತಿಂಗಳ ಹೆಣ್ಣುಮಗು. ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು, ತಿಂಗಳು ಮುಂತಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮಾತು ಆರಂಭಿಸಿದವರು ಮಾವ. ಅವರು ಕೈಚೀಲದಿಂದ ಕಪ್ಪು ರಟ್ಟಿನ ಡೈರಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಮಲೆನಾಡಿನ ಕಾಫಿ ಬೆಳೆಗಾರರಲ್ಲಿ ಮಳೆಯ ಲೆಕ್ಕ ಬರೆದಿಡುವ ರೂಢಿ ಹಳೆಯದು. ಅಂಗಳದ ಮಳೆಮಾಪಕದಲ್ಲಿ ಬಿದ್ದ ನೀರನ್ನು ದಿನವೂ ಬೆಳಿಗ್ಗೆ ಅಳೆದು ಇಂಚು, ಸೆಂಟ್ಸ್ (ಇಂಚಿನ ನೂರನೆಯ ಒಂದು ಪಾಲು) ಲೆಕ್ಕದಲ್ಲಿ ಗುರುತು ಹಾಕುತ್ತಾರೆ. ಕಾಫಿಯ ಹೂ ಅರಳಿಸುವ ಹೂಮಳೆ ಯಾವತ್ತು ಬಿತ್ತು, ಅದರ ಹಿಂದೆ ಬರಬೇಕಾದ ಮಳೆ ಎಷ್ಟು ದಿನ ತಡವಾಯಿತು ಎಂಬುದರ ಮೇಲೆ ಮುಂದಿನ ಫಸಲಿನ ಅಂದಾಜು ನಿಲ್ಲುತ್ತದೆ. ಈ ಹಿರಿಯರ ಮನೆಯಲ್ಲಿ ಮೂವತ್ತೊಂದು ವರ್ಷದ ಡೈರಿಗಳಿವೆ. ಆ ವರ್ಷದ ಡೈರಿಯಲ್ಲಿ ಮಾತ್ರ ಮಳೆಯ ಅಂಕಿಯ ಪಕ್ಕದಲ್ಲಿ, ಇನ್ನೂ ಸಣ್ಣ ಅಕ್ಷರದಲ್ಲಿ, ಬೇರೊಂದು ಲೆಕ್ಕವೂ ಇತ್ತು.

"ಮಾರ್ಚ್ 19: ಹೂಮಳೆ 1 ಇಂಚು 15 ಸೆಂಟ್ಸ್. ಅಡುಗೆಮನೆಯಲ್ಲಿ ಒಬ್ಬಳೇ ಹಾಡು." "ಏಪ್ರಿಲ್ 6: ಮಳೆ ಇಲ್ಲ. ಅಕ್ಕನ ಜೊತೆ ಫೋನು 40 ನಿಮಿಷ. ಜೋರು ನಗು." "ಮೇ 27: 60 ಸೆಂಟ್ಸ್. ಪಾತ್ರೆ ಕುಕ್ಕಿದಳು. ಅತ್ತೆಗೆ ಎದುರು ಮಾತು." "ಜೂನ್ 30: 3 ಇಂಚು 40 ಸೆಂಟ್ಸ್. ರಾತ್ರಿ ಅತ್ತಳು. ಕಾರಣ ಹೇಳಲಿಲ್ಲ."

ಫೆಬ್ರವರಿಯಿಂದ ಜುಲೈವರೆಗೆ ಹೀಗೆ ಬರೆದ ಸಾಲುಗಳು ಎಪ್ಪತ್ತಕ್ಕೂ ಹೆಚ್ಚು. ಮನೆಯವರ ಕೋರಿಕೆ ಸ್ಪಷ್ಟವಾಗಿತ್ತು: ಕಾಯಿಲೆ ಮತ್ತೆ ಶುರುವಾಗಿದೆ, ಮಾತ್ರೆ ಜಾಸ್ತಿ ಮಾಡಿಸಬೇಕು. ಚಿಕಿತ್ಸೆ ಕೊಡುತ್ತಿದ್ದ ಮನೋವೈದ್ಯರಿಗೆ ಎರಡು ಸಲ ನೋಡಿದರೂ ಆಕೆಯಲ್ಲಿ ಕಾಯಿಲೆಯ ಲಕ್ಷಣ ಕಂಡಿರಲಿಲ್ಲ. ಮಾತ್ರೆ ಹೆಚ್ಚಿಸಲು ಒಪ್ಪದೆ ಅವರು ಈ ಕುಟುಂಬವನ್ನು ನನ್ನ ಬಳಿಗೆ ಕಳಿಸಿದ್ದರು.

ಮಾವ ಓದುತ್ತಿದ್ದಷ್ಟು ಹೊತ್ತೂ ಆಕೆ ತಲೆ ತಗ್ಗಿಸಿ ಕುಳಿತಿದ್ದಳು. ನಡುವೆ ಮಗು ಅತ್ತಿತು. ಆಕೆ ಕೈ ಚಾಚಿದಳು. ಅಷ್ಟರಲ್ಲಿ ಅತ್ತೆ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಗೋಡೆಯ ಕಡೆ ತಿರುಗಿದರು. ಚಾಚಿದ ಕೈಯನ್ನು ಆಕೆ ಮೆಲ್ಲಗೆ ಕುರ್ಚಿಯ ಹಿಡಿಯ ಮೇಲಿಟ್ಟಳು, ಅಲ್ಲಿಡುವುದಕ್ಕೆಂದೇ ಚಾಚಿದ್ದೆನೇನೋ ಎನ್ನುವ ಹಾಗೆ. ಆ ಚಲನೆಯನ್ನು ಅವರಲ್ಲಿ ಯಾರೂ ಗಮನಿಸಲಿಲ್ಲ. ಡೈರಿಯಲ್ಲಿ ಬರೆಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಕಾಯಿಲೆ ಬಂದ ಬಗೆ

ಆಕೆಯ ತವರು ಚನ್ನರಾಯಪಟ್ಟಣದ ಕಡೆಯ ಹಳ್ಳಿ. ನವೆಂಬರಿನಲ್ಲಿ ಮದುವೆಯಾಗಿ ಘಟ್ಟದ ಕಡೆಗೆ ಬಂದಳು. ಏಳು ತಿಂಗಳು ಗಂಡನ ಮನೆಯಲ್ಲಿದ್ದು, ಸೀಮಂತ ಮುಗಿಸಿಕೊಂಡು ಜೂನ್‌ನಲ್ಲಿ ಹೆರಿಗೆಗೆ ತವರಿಗೆ ಹೋದಳು. ಸೆಪ್ಟೆಂಬರಿನಲ್ಲಿ ಸಹಜ ಹೆರಿಗೆಯಾಗಿ ನಾಲ್ಕನೆಯ ದಿನ ಮನೆಗೆ ಬಂದಳು. ಐದನೆಯ ರಾತ್ರಿಯಿಂದ ನಿದ್ದೆ ಹಾರಿತು. ಬಾಣಂತಿಯ ಕೋಣೆಯ ಕಿಟಕಿ ಮುಚ್ಚಿತ್ತು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಎರಡು ಹೊತ್ತೂ ಸಾಂಬ್ರಾಣಿ ಹೊಗೆ, ಕುಡಿಯುವ ನೀರಿಗೂ ಅಳತೆ. ಎಂಟನೆಯ ದಿನ ಈ ಮಗು ನನ್ನದಲ್ಲ, ಆಸ್ಪತ್ರೆಯಲ್ಲಿ ಬದಲಾಯಿಸಿದ್ದಾರೆ ಎಂದಳು. ಸ್ವಲ್ಪ ಹೊತ್ತಿನಲ್ಲಿ ಅದೇ ಮಗುವಿಗೆ ದೇವಿಯೆಂದು ಕೈಮುಗಿದಳು. ಒಂಬತ್ತನೆಯ ರಾತ್ರಿ ಎರಡು ಗಂಟೆಯ ಹೊತ್ತಿಗೆ ಮಗುವನ್ನೆತ್ತಿಕೊಂಡು ಹಿತ್ತಲ ಬಾವಿಯ ಕಡೆ ನಡೆದಳು. ಅಣ್ಣನಿಗೆ ಎಚ್ಚರವಾಗಿ ಓಡಿಹೋಗಿ ಹಿಡಿದುಕೊಂಡ.

ಅಲ್ಲಿಂದ ಮೂರು ದಿನ ದೇವರ ಅಪ್ಪಣೆ ಕೇಳುವುದರಲ್ಲಿ, ತಾಯಿತ ಕಟ್ಟಿಸುವುದರಲ್ಲಿ ಹೋಯಿತು. ಹನ್ನೆರಡನೆಯ ದಿನ ಮನೋವೈದ್ಯಕೀಯ ವಾರ್ಡಿಗೆ ದಾಖಲು. ವೈದ್ಯರು ಮೊದಲು ದೇಹವನ್ನೇ ಪರೀಕ್ಷಿಸಿದರು: ಜ್ವರ, ಸೋಂಕು, ರಕ್ತಹೀನತೆ, ಥೈರಾಯ್ಡ್, ಮಿದುಳಿನ ಸ್ಕ್ಯಾನ್. ಹೆರಿಗೆಯ ನಂತರ ಮಿದುಳಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆ ನಮ್ಮ ದೇಶದಲ್ಲಿ ಅಪರೂಪವಲ್ಲ. ಮೈಯಲ್ಲಿ ನೀರು ಕಡಿಮೆಯಾದರೆ ಅದರ ಅಪಾಯ ಹೆಚ್ಚುತ್ತದೆ, ಆ ಕಾಯಿಲೆಯಲ್ಲೂ ಮನಸ್ಸು ಕಲಕಿದ ಲಕ್ಷಣಗಳು ಕಾಣಬಹುದು. ಬಾಣಂತಿಗೆ ನೀರು ಅಳೆದು ಕೊಡುವ ಪದ್ಧತಿಯನ್ನು ನಾನು ಪ್ರತಿಯೊಂದು ಮನೆಯಲ್ಲೂ ವಿರೋಧಿಸುವುದು ಈ ಕಾರಣಕ್ಕಾಗಿ. ಈಕೆಯಲ್ಲಿ ಅಂಥದೇನೂ ಇರಲಿಲ್ಲ. ಔಷಧಿಯ ಜೊತೆಗೆ ಅರಿವಳಿಕೆ ಕೊಟ್ಟು ಆರು ಸಲ ವಿದ್ಯುತ್ ಚಿಕಿತ್ಸೆಯನ್ನೂ ಮಾಡಿದರು. ಮೂರು ವಾರಕ್ಕೆ ಮನೆಗೆ ಬಂದಳು. ಎರಡು ತಿಂಗಳಿಗೆ ಪೂರ್ತಿ ಚೇತರಿಸಿಕೊಂಡಳು.

ಇದನ್ನು ನಮ್ಮ ಜನ ಬಾಣಂತಿ ಸನ್ನಿ ಎನ್ನುತ್ತಾರೆ. ಸನ್ನಿ ಎಂಬ ಮಾತು ಆಯುರ್ವೇದದ ಸನ್ನಿಪಾತದಿಂದ ಬಂದದ್ದು: ಮೂರು ದೋಷಗಳೂ ಒಟ್ಟಿಗೆ ಕೆರಳಿದ ಸ್ಥಿತಿ. ಜ್ವರದ ತಾಪದಲ್ಲಿ ಬಡಬಡಿಸುವವನಿಗೂ ಸನ್ನಿ, ಬುದ್ಧಿ ಕೆಟ್ಟ ಬಾಣಂತಿಗೂ ಸನ್ನಿ. ಇದು ಅಜ್ಞಾನದ ಮಾತೆಂದು ನನಗೆ ಅನ್ನಿಸುವುದಿಲ್ಲ. ಹೆರಿಗೆಯ ಸೋಂಕಿನಿಂದ ಜ್ವರವೇರಿ ಪ್ರಜ್ಞೆ ಕಲಕುತ್ತಿದ್ದ ಕಾಲದಲ್ಲಿ ಈ ಎರಡನ್ನು ಬೇರ್ಪಡಿಸಿ ನೋಡುವುದು ವೈದ್ಯರಿಗೂ ಸುಲಭವಿರಲಿಲ್ಲ. ಫ್ರಾನ್ಸಿನ ಲೂಯಿ ವಿಕ್ಟರ್ ಮಾರ್ಸೆ 1858ರಲ್ಲಿ ಗರ್ಭಿಣಿಯರ ಮತ್ತು ಬಾಣಂತಿಯರ ಮನೋರೋಗಗಳ ಬಗ್ಗೆಯೇ ಒಂದು ಗ್ರಂಥ ಬರೆದ ಮೇಲೆ ಈ ವಿಷಯಕ್ಕೆ ವೈದ್ಯಶಾಸ್ತ್ರದಲ್ಲಿ ಪ್ರತ್ಯೇಕವಾದ ಗಮನ ಸಿಕ್ಕಿತು. ಸನ್ನಿ ಎಂಬ ಪದದಲ್ಲಿ ಒಂದು ಒಳ್ಳೆಯ ಅಂಶವೂ ಇದೆ: ಅದು ಬಂದು ಹೋಗುವ ಕಾಯಿಲೆ ಎಂಬ ತಿಳಿವಳಿಕೆ. ಹುಚ್ಚು ಎಂಬ ಪದಕ್ಕೆ ಆ ದಯೆ ಇಲ್ಲ. ಈಕೆಯ ದುರದೃಷ್ಟವೆಂದರೆ ಆಸ್ಪತ್ರೆಯಿಂದ ಬಂದ ಮೇಲೆ ಊರಿನವರ ಬಾಯಲ್ಲಿ ಮೊದಲನೆಯ ಪದ ಹೋಗಿ ಎರಡನೆಯದು ಬಂದಿತ್ತು.

ಹೆರಿಗೆಯಾದ ಮೂರು ನಾಲ್ಕು ದಿನಕ್ಕೆ ಕಾರಣವಿಲ್ಲದೆ ಅಳು ಬಂದು ವಾರ ಹತ್ತು ದಿನದಲ್ಲಿ ತಾನಾಗಿ ಹೋಗುವ ಬೇಸರ ಬಹುಪಾಲು ತಾಯಂದಿರಿಗೆ ಬರುತ್ತದೆ. ವಾರಗಟ್ಟಲೆ ಉಳಿದು ಮನಸ್ಸನ್ನು ಒಣಗಿಸುವ ಖಿನ್ನತೆ ಬೇರೆ. ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಅದು ನೂರು ತಾಯಂದಿರಲ್ಲಿ ಸುಮಾರು 22 ಮಂದಿಗೆ ಬರುತ್ತದೆ. ಸನ್ನಿ ಇವೆರಡಕ್ಕಿಂತ ತುಂಬ ವಿರಳ, ಸಾವಿರ ಹೆರಿಗೆಗೆ ಒಂದೋ ಎರಡೋ; ಸಾಮಾನ್ಯವಾಗಿ ಮೊದಲ ಎರಡು ವಾರದೊಳಗೆ ಬಿರುಸಾಗಿ ಬರುತ್ತದೆ, ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯವಿರುವುದರಿಂದ ಅದು ತುರ್ತು ಸ್ಥಿತಿ. ಬಾವಿಯ ಕಡೆ ನಡೆದ ಆ ರಾತ್ರಿಯನ್ನು ನಾನು ಎಲ್ಲಿಯೂ ಹಗುರ ಮಾಡಿ ಹೇಳುವುದಿಲ್ಲ. ಹೀಗಿದ್ದೂ ಚಿಕಿತ್ಸೆಗೆ ಬೇಗ ಬಗ್ಗುವ, ಪೂರ್ತಿ ವಾಸಿಯಾಗುವ ಸಾಧ್ಯತೆ ಚೆನ್ನಾಗಿಯೇ ಇರುವ ಮನೋರೋಗಗಳಲ್ಲಿ ಇದೂ ಒಂದು.

ಅತ್ತೆ ಕಂಡಿದ್ದ ಸಿನಿಮಾ

ಎರಡನೆಯ ಭೇಟಿಯಲ್ಲಿ ಅತ್ತೆಯೊಬ್ಬರನ್ನೇ ಕೂರಿಸಿಕೊಂಡು ಮಾತಾಡಿದೆ. ಅವರು ಕೆಟ್ಟವರಲ್ಲ; ತುಂಬ ಹೆದರಿದವರು. ಬಾವಿಯ ರಾತ್ರಿಯನ್ನು ಅವರು ಕಣ್ಣಾರೆ ಕಂಡಿರಲಿಲ್ಲ, ಫೋನಿನಲ್ಲಿ ಕೇಳಿದ್ದರು. ಕಂಡದ್ದಕ್ಕಿಂತ ಕೇಳಿದ್ದು ಮನಸ್ಸಿನಲ್ಲಿ ಬೆಳೆಯುತ್ತದೆ. "ಇದು ವಾಸಿ ಆಗ್ತದೆ ಅಂತ ನೀವು ಹೇಳ್ತೀರಿ ಮೇಡಂ. ಶರಪಂಜರದಲ್ಲಿ ಕಲ್ಪನಾಗೂ ವಾಸಿ ಆಗಿತ್ತಲ್ಲ? ಕೊನೇಲಿ ಏನಾಯ್ತು?" ಎಂದರು.

ಮದುವೆಗೆ ಮೊದಲು ದೂರದರ್ಶನದಲ್ಲಿ ನೋಡಿದ್ದ ಆ ಸಿನಿಮಾ ಬಿಟ್ಟರೆ ಈ ಕಾಯಿಲೆಯ ಬಗ್ಗೆ ಅವರಿಗೆ ಬೇರೆ ತಿಳಿವಳಿಕೆಯ ಮೂಲವಿರಲಿಲ್ಲ. ಇದನ್ನು ನಾನು ಈ ಮನೆಯಲ್ಲಿ ಮಾತ್ರ ಕೇಳಿಲ್ಲ. ಐವತ್ತು ದಾಟಿದ ಎಷ್ಟೋ ಹೆಂಗಸರ ಮನಸ್ಸಿನಲ್ಲಿ ಬಾಣಂತಿ ಸನ್ನಿಯ ಚಿತ್ರ ಅದೇ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ಅವರು 1971ರಲ್ಲಿ ತೆರೆಗೆ ತಂದ ಆ ಕಥೆಯಲ್ಲಿ ಹೆರಿಗೆಯ ನಂತರ ಮನಸ್ಸು ಕದಡಿದ ಕಾವೇರಿ (ಕಲ್ಪನಾ ಮಾಡಿದ ಪಾತ್ರ) ಚಿಕಿತ್ಸೆ ಪಡೆದು ವಾಸಿಯಾಗಿ ಮನೆಗೆ ಬರುತ್ತಾಳೆ. ಬಂದ ಮೇಲೆ ಗಂಡನ ಅನುಮಾನ, ಅವನ ದ್ರೋಹ, ಸುತ್ತಲಿನವರ ದೃಷ್ಟಿ ಇವು ಸೇರಿ ಅವಳನ್ನು ಮತ್ತೆ ಆಸ್ಪತ್ರೆಗೆ ಕಳಿಸುತ್ತವೆ. ಅಂದರೆ ಅವಳ ಎರಡನೆಯ ಕುಸಿತಕ್ಕೆ ಆ ಕಥೆ ಕಾಯಿಲೆಯನ್ನು ಹೊಣೆ ಮಾಡಿಲ್ಲ, ಮನೆಯನ್ನು ಹೊಣೆ ಮಾಡಿದೆ. ಮನಃಶಾಸ್ತ್ರವನ್ನು ಕಾಲೇಜಿನಲ್ಲಿ ಓದಿದ್ದ ತ್ರಿವೇಣಿಯವರು ಈ ವ್ಯತ್ಯಾಸವನ್ನು ಅಷ್ಟು ಸ್ಪಷ್ಟವಾಗಿ ಗುರುತಿಸಿದ್ದರು. 1928ರಲ್ಲಿ ಹುಟ್ಟಿದ ಅವರು 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, ಸ್ವತಃ ಬಾಣಂತಿಯಾಗಿದ್ದಾಗಲೇ ತೀರಿಕೊಂಡರೆಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಭಾರವಾಗುತ್ತದೆ.

ನೋಡಿದವರ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಬೇರೆ. ಕಲ್ಪನಾ ಅವರ ನಟನೆ ಎಷ್ಟು ತೀವ್ರವಾಗಿತ್ತೆಂದರೆ, ಕದಡಿದ ಕಣ್ಣು ನೆನಪಿನಲ್ಲಿ ಉಳಿದು, ಆ ಕಣ್ಣನ್ನು ಕದಡಿದವರು ಯಾರೆಂಬುದು ಮರೆತುಹೋಯಿತು. ಮನೆಯವರಿಗೆ ಎಚ್ಚರ ಹೇಳಲು ಹುಟ್ಟಿದ ಕಥೆ ಸೊಸೆಯಂದಿರ ಮೇಲಿನ ಸಾಕ್ಷ್ಯವಾಗಿ ಮಾರ್ಪಟ್ಟಿತು. ಅತ್ತೆಗೆ ನಾನು ಆ ಕಥೆಯನ್ನೇ ಮತ್ತೊಮ್ಮೆ ಹೇಳಿದೆ, ಕಾವೇರಿ ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದ ಶುರು ಮಾಡಿ. ಕೇಳುತ್ತ ಕೇಳುತ್ತ ಅವರು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. "ಅವಳ ಗಂಡ ಸರಿ ಇರಲಿಲ್ಲ ಬಿಡಿ. ನಮ್ಮ ಹುಡುಗ ಅಂಥವನಲ್ಲ," ಎಂದರು. ಅಷ್ಟಕ್ಕೆ ಆ ದಿನದ ಮಾತು ನಿಂತಿತು. ನಾನೂ ಒತ್ತಾಯಿಸಲಿಲ್ಲ.

ಡೈರಿಯ ಮೂಲ

ಮಾವನಿಗೆ ಈ ಲೆಕ್ಕ ಬರೆಯುವ ಯೋಚನೆ ಎಲ್ಲಿಂದ ಬಂತು ಎಂದು ವಿಚಾರಿಸಿದಾಗ ಅವರು ಡೈರಿಯ ಹಿಂದಿನ ರಟ್ಟಿನೊಳಗಿಂದ ಮಡಚಿದ ಹಾಳೆಯೊಂದನ್ನು ತೆಗೆದರು. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಕೊಟ್ಟಿದ್ದ ಅಚ್ಚಿನ ಹಾಳೆ. ಕಾಯಿಲೆ ಮರುಕಳಿಸುವ ಲಕ್ಷಣಗಳು ಎಂಬ ತಲೆಬರಹದ ಕೆಳಗೆ ಅತಿಯಾದ ಮಾತು, ಅತಿಯಾದ ನಗು, ಕೋಪ, ಅಳು, ತನ್ನಷ್ಟಕ್ಕೆ ಮಾತಾಡಿಕೊಳ್ಳುವುದು, ನಿದ್ದೆ ಕಡಿಮೆಯಾಗುವುದು. ಇವು ಕಂಡರೆ ಗಮನಿಸಿ, ಗುರುತು ಹಾಕಿಕೊಳ್ಳಿ, ವೈದ್ಯರಿಗೆ ತಿಳಿಸಿ. ಶಿಸ್ತಿನ ಮನುಷ್ಯರಾದ ಮಾವ ಹೇಳಿದ್ದನ್ನು ಹೇಳಿದಂತೆ ಮಾಡಿದ್ದರು. ಅವರನ್ನು ಕಾವಲುಗಾರನನ್ನಾಗಿ ಮಾಡಿದವರು ನಾವು. ಇಂಥದೇ ಹಾಳೆಯನ್ನು ನಾನೂ ವರ್ಷಗಟ್ಟಲೆ ಮನೆಯವರ ಕೈಗೆ ಕೊಟ್ಟಿದ್ದೇನೆ, ಆ ಮನೆಯಲ್ಲಿ ಅದನ್ನು ಹೇಗೆ ಓದಿಕೊಳ್ಳುತ್ತಾರೆಂದು ಒಮ್ಮೆಯೂ ಕೇಳದೆ.

ಅತಿ ಎಂಬ ಮಾತಿಗೆ ಅಳತೆ ಬೇಕು. ನಾನು ಅವರನ್ನು ಅವರ ಭಾಷೆಯಲ್ಲೇ ಕೇಳಿದೆ.

"ಯಜಮಾನ್ರೇ, ಈ ಸಲ ಮಳೆ ಜಾಸ್ತಿಯೋ ಕಮ್ಮಿಯೋ?"

"ಜೂನ್‌ನಲ್ಲಿ ಕಮ್ಮಿನೇ ಮೇಡಂ. ಹೋದ ವರ್ಷಕ್ಕಿಂತ ಹನ್ನೆರಡು ಇಂಚು ಕಮ್ಮಿ."

"ಹೇಗೆ ಹೇಳ್ತೀರಿ?"

"ಹಳೇ ಡೈರಿಗಳಿದಾವಲ್ಲ."

"ಈ ಹುಡುಗಿಯ ಹಳೇ ಡೈರಿ ಯಾರ ಹತ್ತಿರ ಇದೆ?"

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವರಮ್ಮನ ಮನೇಲಿ ಇರಬೇಕು," ಎಂದರು.

ಈ ಪ್ರಕರಣದಲ್ಲಿ ನಾನು ಕಲಿತದ್ದು ಈ ಒಂದು ಮಾತಿನಿಂದ. ನಮ್ಮಲ್ಲಿ ಹೆಣ್ಣು ಮದುವೆಯಾಗಿ ಬೇರೆ ಮನೆಗೆ ಹೋಗುತ್ತಾಳೆ. ವರ್ಷ ಎರಡು ವರ್ಷದೊಳಗೆ ಮೊದಲ ಹೆರಿಗೆ. ಸನ್ನಿ ಬರುವುದಿದ್ದರೆ ಹೆಚ್ಚಾಗಿ ಆಗಲೇ ಬರುತ್ತದೆ. ಕಾಯಿಲೆ ವಾಸಿಯಾದ ಮೇಲೆ ಅವಳನ್ನು ಗಮನಿಸುವ ಹೊಣೆ ಬೀಳುವುದು ಅವಳನ್ನು ಎಲ್ಲರಿಗಿಂತ ಕಡಿಮೆ ಬಲ್ಲವರ ಮೇಲೆ. ಈ ಮನೆಯವರು ಆಕೆಯನ್ನು ಆರೋಗ್ಯದಲ್ಲಿ ಕಂಡದ್ದು ಏಳು ತಿಂಗಳು. ಅದೂ ಹೊಸ ಮದುಮಗಳಾಗಿ ದನಿ ತಗ್ಗಿಸಿ ನಡೆದುಕೊಳ್ಳುತ್ತಿದ್ದ, ಬಸುರಿಯಾಗಿ ವಾಂತಿಯಲ್ಲಿ ಬಳಲುತ್ತಿದ್ದ ಏಳು ತಿಂಗಳು. ಆಕೆಯ ಸಹಜ ಸ್ವಭಾವವೆಂದು ಅವರು ತಿಳಿದಿದ್ದದ್ದು ಒಂದು ಸಂಕೋಚವನ್ನು. ಆ ಸಂಕೋಚ ಕಳೆದು ಆಕೆ ತನ್ನಂತೆ ತಾನು ಇರಲು ತೊಡಗಿದಾಗ ಅವರಿಗೆ ಅದು ಕಾಯಿಲೆಯಾಗಿ ಕಂಡಿತು.

ಇದಕ್ಕೆ ಊರುಗಳ ವ್ಯತ್ಯಾಸವೂ ಸೇರಿತ್ತು. ಹಾಸನ ಜಿಲ್ಲೆಯ ಒಳಗೇ ಎರಡು ಸೀಮೆಗಳಿವೆ. ಚನ್ನರಾಯಪಟ್ಟಣ, ಅರಸೀಕೆರೆಯ ಕಡೆಯ ಬಯಲಿನಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಜಗಲಿಯಿಂದ ಜಗಲಿಗೆ ಕೂಗಿ ಮಾತಾಡುತ್ತಾರೆ. ಸಕಲೇಶಪುರದ ಕಡೆ ತೋಟದ ನಡುವೆ ಒಂಟಿ ಮನೆ. ಪಕ್ಕದ ಮನೆಗೆ ಹೋಗಬೇಕಾದರೆ ಒಂದು ಏರು ಹತ್ತಿ ಇಳಿಯಬೇಕು. ಮಳೆಗಾಲದಲ್ಲಿ ಹೆಂಚಿನ ಮೇಲಿನ ಸದ್ದಲ್ಲದೆ ಬೇರೆ ಸದ್ದಿಲ್ಲ. ಜನ ತಗ್ಗಿದ ದನಿಯಲ್ಲಿ ಮಾತಾಡುತ್ತಾರೆ. ಆ ನಿಶ್ಶಬ್ದದಲ್ಲಿ ಆಕೆಯ ನಗು ನಿಜಕ್ಕೂ ಜೋರಾಗಿಯೇ ಕೇಳಿರಬೇಕು.

ಅಕ್ಕನ ಮಾತು

ಮೂರನೆಯ ಭೇಟಿಗೆ ಆಕೆಯ ಅಕ್ಕನನ್ನು ಕರೆಸಿದೆ. ಬಾವಿಯ ಪ್ರಸಂಗದ ನಂತರ ಎರಡು ಮನೆಗಳ ನಡುವೆ ಮಾತು ಕಡಿಮೆಯಾಗಿತ್ತು. ಬಾಣಂತನ ಸರಿ ಮಾಡಲಿಲ್ಲವೆಂದು ಇವರು, ಕಾಯಿಲೆಯಾದಾಗ ಬಂದು ನೋಡಲಿಲ್ಲವೆಂದು ಅವರು. ಅಕ್ಕ ಬಂದು ಕುಳಿತವಳು ಡೈರಿಯ ಸಾಲುಗಳನ್ನು ಕೇಳಿಸಿಕೊಂಡು ಹೇಳಿದಳು: "ಇವಳು ಹುಟ್ಟಿದಾಗಿಂದ ಹಿಂಗೇ ಕಣ್ರೀ ಮೇಡಂ. ಮುಸುರೆ ತಿಕ್ಕೋವಾಗ ಹಾಡಬೇಕು. ಸಿಟ್ಟು ಬಂದ್ರೆ ಪಾತ್ರೆ ಕುಕ್ಕಬೇಕು. ಅರ್ಧ ಗಂಟೆ ಅತ್ತು ಆಮೇಲೆ ಊಟಕ್ಕೆ ಏನು ಅಂತ ಕೇಳೋಳು. ನಮ್ಮೂರಲ್ಲಿ ಮೆತ್ತಗೆ ಮಾತಾಡಿದ್ರೆ ಹುಷಾರಿಲ್ವಾ ಅಂತಾರೆ."

ಆಗ ನಾನು ಕೇಳಬೇಕಾದ ಮುಖ್ಯ ಪ್ರಶ್ನೆಯನ್ನು ಕೇಳಿದೆ: ಸನ್ನಿ ಬರುವ ಮೊದಲು, ಆ ನಾಲ್ಕೈದು ದಿನ, ಇವಳು ಹೇಗಿದ್ದಳು? ಅಕ್ಕನಿಗೆ ನೆನಪು ಸ್ಪಷ್ಟವಿತ್ತು. ಹಾಡು ನಿಂತಿತ್ತು. ಮಾತು ತಗ್ಗಿ ಪಿಸುದನಿಯಾಗಿತ್ತು. ದಿನಕ್ಕೆ ಎರಡು ಸಲ ಮಾತಾಡುತ್ತಿದ್ದ ಅಕ್ಕನ ಫೋನನ್ನೂ ಎತ್ತುತ್ತಿರಲಿಲ್ಲ. ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡಿದ್ದರೂ ಬೆಳಿಗ್ಗೆ ಆಯಾಸವೆನ್ನುತ್ತಿರಲಿಲ್ಲ.

ಕೊಠಡಿಯಲ್ಲಿದ್ದ ಎಲ್ಲರಿಗೂ ಅದು ಒಟ್ಟಿಗೆ ಹೊಳೆಯಿತೆಂದು ಕಾಣುತ್ತದೆ. ಈಕೆಯಲ್ಲಿ ಕಾಯಿಲೆ ಬಂದದ್ದು ನಿಶ್ಶಬ್ದವಾಗಿ. ಡೈರಿಯಲ್ಲಿ ಕಾಯಿಲೆಯೆಂದು ಬರೆದದ್ದರಲ್ಲಿ ಬಹುಪಾಲು ಆಕೆಯ ಆರೋಗ್ಯ. ಒಂದು ವೇಳೆ ಆಕೆ ನಿಜವಾಗಿ ಮತ್ತೆ ಕಾಯಿಲೆ ಬಿದ್ದು ಹಾಡುವುದನ್ನೂ ಜಗಳವಾಡುವುದನ್ನೂ ನಿಲ್ಲಿಸಿದ್ದರೆ ಈ ಡೈರಿಯಲ್ಲಿ ಮಳೆಯ ಅಂಕಿಯೊಂದೇ ಇರುತ್ತಿತ್ತು, ಮನೆಯವರು ಸದ್ಯ ಸುಧಾರಿಸಿದಳೆಂದು ಸಮಾಧಾನಪಡುತ್ತಿದ್ದರು. ಕಾವಲು ಬಿಗಿಯಾಗಿತ್ತು, ಕಾದದ್ದು ತಪ್ಪು ಬಾಗಿಲನ್ನು.

ಮನೆಯ ವಾತಾವರಣಕ್ಕೂ ಕಾಯಿಲೆಯ ಮರುಕಳಿಕೆಗೂ ಇರುವ ಸಂಬಂಧವನ್ನು ಲಂಡನ್ನಿನಲ್ಲಿ ಸಂಶೋಧಕ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1950ರ ದಶಕದ ಕೊನೆಯಿಂದ ಅಳೆಯುತ್ತ ಬಂದರು. ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗದಿಂದ ಚೇತರಿಸಿಕೊಂಡು ಮನೆಗೆ ಮರಳಿದವರಲ್ಲಿ ಟೀಕೆ, ಹಗೆ ಅಥವಾ ಉಸಿರುಗಟ್ಟಿಸುವಷ್ಟು ಕಾಳಜಿ ತೋರುವ ಮನೆಗಳಿಗೆ ಹೋದವರಿಗೆ ಕಾಯಿಲೆ ಹೆಚ್ಚಾಗಿ ಮರುಕಳಿಸಿತ್ತು. ವಾನ್ ಮತ್ತು ಲೆಫ್ 1976ರಲ್ಲಿ ವಾರಕ್ಕೆ 35 ಗಂಟೆಗಿಂತ ಹೆಚ್ಚು ಹೊತ್ತು ಅಂಥ ಬಂಧುವಿನ ಎದುರಿಗೇ ಇರಬೇಕಾದವರ ಸ್ಥಿತಿ ಇನ್ನೂ ಕಷ್ಟವೆಂದು ತೋರಿಸಿದರು. 1987ರಲ್ಲಿ ಪ್ರಕಟವಾದ ಚಂಡೀಗಢದ ಅಧ್ಯಯನದಲ್ಲಿ ಇಂಥ ಮನೆಗಳು ಲಂಡನ್ನಿಗಿಂತ ಕಡಿಮೆ ಕಂಡುಬಂದವು. ಈಕೆಯ ಕಾಯಿಲೆ ಸ್ಕಿಜೋಫ್ರೀನಿಯಾ ಅಲ್ಲ. ಆ ಅಂಕಿಗಳನ್ನು ಇಲ್ಲಿಗೆ ಹಾಗೇ ಅನ್ವಯಿಸುವಂತಿಲ್ಲ. ಆದರೆ ಕಾಳಜಿಯೂ ಹಿಂಡಬಲ್ಲದೆಂಬ ತಿಳಿವಳಿಕೆ ಇಲ್ಲಿ ನನಗೆ ದಾರಿ ತೋರಿತು. ಮಳೆಗಾಲದ ತೋಟದ ಮನೆಯಲ್ಲಿ, ಒಂದೇ ಅಡುಗೆಮನೆಯಲ್ಲಿ, ಅತ್ತೆ ಸೊಸೆ ಎದುರುಬದುರಾಗಿ ಕಳೆಯುವ ಮೂವತ್ತೈದು ಗಂಟೆ ಬುಧವಾರಕ್ಕೆಲ್ಲ ಮುಗಿದುಹೋಗುತ್ತದೆ.

ಹೊಗೆ

ಆ ರಾತ್ರಿ ಏನಾಯಿತೆಂದು ಹತ್ತು ತಿಂಗಳಾದರೂ ಆಕೆಯನ್ನು ಯಾರೂ ಕೇಳಿರಲಿಲ್ಲ. ನೆನಪಿಸಿದರೆ ಕಾಯಿಲೆ ಕೆರಳುತ್ತದೆಂಬ ಹೆದರಿಕೆ ಒಂದು. ಆಕೆಗೆ ನೆನಪೇ ಇರಲಾರದೆಂಬ ಊಹೆ ಇನ್ನೊಂದು. ಆಕೆಗೆ ಎಲ್ಲವೂ ನೆನಪಿತ್ತು. ನಾಲ್ಕನೆಯ ಭೇಟಿಯಲ್ಲಿ, ಒಬ್ಬಳೇ ಇದ್ದಾಗ, ನೆಲ ನೋಡುತ್ತಲೇ ಹೇಳಿದಳು. ಸಾಂಬ್ರಾಣಿಯ ಹೊಗೆ ಮಗುವಿನ ಮೈಗೆ ಕಪ್ಪಗೆ ಮೆತ್ತಿಕೊಳ್ಳುತ್ತಿರುವಂತೆ ಕಾಣುತ್ತಿತ್ತು. ಒರೆಸಿದಷ್ಟೂ ಹೆಚ್ಚುತ್ತಿತ್ತು. ಮಗುವಿನ ಮೂಗು ಬಾಯಿ ಮುಚ್ಚಿಹೋಗುತ್ತದೆಂದು ಭಯವಾಗಿ, ನೀರಿನಲ್ಲಿ ತೊಳೆದರೆ ತನ್ನ ಮಗು ತನಗೆ ಸಿಗುತ್ತದೆಂದು ಬಾವಿಯ ಕಡೆ ಹೋದೆ ಎಂದಳು. "ಸಾಯ್ಸೋಕೆ ಅಲ್ಲ ಮೇಡಂ. ಉಳಿಸ್ಕೊಳ್ಳೋಕೆ."

ಭ್ರಮೆ ತನಗೆ ಬೇಕಾದ ಸಾಮಗ್ರಿಯನ್ನು ಇದ್ದ ಕೋಣೆಯಿಂದಲೇ ಎತ್ತಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ. ಕಿಟಕಿ ಮುಚ್ಚಿದ ಕೋಣೆ, ಎರಡು ಹೊತ್ತಿನ ಹೊಗೆ, ನಾಲ್ಕು ರಾತ್ರಿಯ ನಿದ್ದೆಗೇಡು. ಉದ್ದೇಶ ಉಳಿಸುವುದಾಗಿದ್ದರೂ ಮಗುವಿನ ಜೀವಕ್ಕೆ ಅಪಾಯ ಇದ್ದೇ ಇತ್ತು. ಅಣ್ಣ ಹಿಡಿದದ್ದು ಸರಿ, ವೈದ್ಯರು ಮಗುವಿನ ಸುರಕ್ಷತೆಗೆ ಏರ್ಪಾಟು ಮಾಡಿದ್ದೂ ಸರಿ. ಆದರೆ ಕೊಲ್ಲಲು ಹೋದ ತಾಯಿ ಎಂದು ಹತ್ತು ತಿಂಗಳು ಬಾಳುವುದಕ್ಕೂ, ಕಾಯಿಲೆಯಲ್ಲಿ ದಾರಿ ತಪ್ಪಿ ಮಗುವನ್ನು ಕಾಪಾಡಲು ಹೋದ ತಾಯಿ ಎಂದು ಬಾಳುವುದಕ್ಕೂ ಇರುವ ದೂರ ಬಹಳ. ಆಕೆಯ ಒಪ್ಪಿಗೆ ಪಡೆದು ಈ ಮಾತನ್ನು ಗಂಡ, ಅತ್ತೆ, ಮಾವ ಮೂವರ ಮುಂದೆಯೂ ಆಕೆಯ ಬಾಯಿಂದಲೇ ಹೇಳಿಸಿದೆ. ಯಾರೂ ಏನೂ ಹೇಳಲಿಲ್ಲ. ಹೊರಡುವಾಗ ಅತ್ತೆ ಮಗುವನ್ನು ಆಕೆಯ ಮಡಿಲಿಗೆ ಕೊಟ್ಟು, ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಹೋದರು.

ಮಾಡಿದ ಏರ್ಪಾಟು

ಡೈರಿಯನ್ನು ನಿಲ್ಲಿಸಲು ನಾನು ಹೇಳಲಿಲ್ಲ. ಮಾವ ನಿಲ್ಲಿಸುತ್ತಲೂ ಇರಲಿಲ್ಲ. ನಿಲ್ಲಿಸಿದ್ದರೂ ಭಯ ಮಾತ್ರ ಬರವಣಿಗೆಯಿಲ್ಲದೆ ಒಳಗೇ ಉಳಿಯುತ್ತಿತ್ತು. ಬದಲಿಗೆ, ಸೊಸೆಯ ವಿಷಯ ಏನು ಬರೆದರೂ ಅದಕ್ಕೆ ಮೊದಲು ಏನು ನಡೆಯಿತೆಂಬುದನ್ನೂ ಬರೆಯಬೇಕೆಂದು ಕೇಳಿದೆ. ಹಳೆಯ ಸಾಲುಗಳಲ್ಲಿ ನೆನಪಿರುವಷ್ಟಕ್ಕೆ ಆಕೆಯನ್ನೇ ಕೇಳಿ ಬರೆದುಕೊಳ್ಳುವುದೆಂದು ಮಾತಾಯಿತು. ಮೇ 27ರ ಸಾಲಿನ ಮೇಲೆ ಅವರ ಕೈಬರಹದಲ್ಲಿ ಹೊಸದಾಗಿ ಸೇರಿದ್ದು ಇಷ್ಟು: "ಮಗು ಮೊದಲ ಸಲ ಅಮ್ಮ ಅಂದಿತು. ಅಜ್ಜಿಯನ್ನು ನೋಡಿ." ಎರಡು ವಾರದ ನಂತರ ಅವರೇ ಎಣಿಸಿಕೊಂಡು ಬಂದರು. ಕೋಪವೆಂದು ಬರೆದಿದ್ದ ಒಂಬತ್ತು ಸಾಲಿನಲ್ಲಿ ಏಳು ಮಗುವನ್ನು ಆಕೆಯ ಕೈಯಿಂದ ಯಾರಾದರೂ ತೆಗೆದುಕೊಂಡ ಮೇಲಿನವು.

ಗಮನಿಸಬೇಕಾದ ಲಕ್ಷಣಗಳ ಹೊಸ ಪಟ್ಟಿಯನ್ನು ಆಕೆಯೂ ಅಕ್ಕನೂ ಸೇರಿ ಬರೆದರು. ಎರಡು ರಾತ್ರಿ ಸತತವಾಗಿ ನಾಲ್ಕು ಗಂಟೆಗಿಂತ ಕಡಿಮೆ ನಿದ್ದೆ, ಆದರೂ ಆಯಾಸವಿಲ್ಲದಿರುವುದು, ಹಾಡು ನಿಲ್ಲುವುದು, ಅಕ್ಕನ ಫೋನು ಎತ್ತದಿರುವುದು. ಇದು ಈಕೆಗೆ ಮಾತ್ರ ಸಲ್ಲುವ ಪಟ್ಟಿ. ಇನ್ನೊಬ್ಬಳಲ್ಲಿ ಹಾಡು ಶುರುವಾಗುವುದೇ ಲಕ್ಷಣವಾಗಿರಬಹುದು.

ಮಗುವಿನ ವಿಷಯದಲ್ಲಿ ನಿಧಾನವಾಗಿ ಹೋದೆವು. ಮೊದಲು ಅತ್ತೆ ಬಚ್ಚಲ ಬಾಗಿಲಲ್ಲಿ ಕೂತಿರಲು ಆಕೆ ಎಣ್ಣೆ ಹಚ್ಚಿ ನೀರು ಹಾಕುವುದು, ಆಮೇಲೆ ಮಧ್ಯಾಹ್ನದ ನಿದ್ದೆ, ಕೊನೆಗೆ ರಾತ್ರಿ. ಡಿಸೆಂಬರಿನಲ್ಲಿ, ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಅತ್ತೆ ಕಣದಲ್ಲೇ ದಿನ ಕಳೆಯುವ ಹೊತ್ತಿಗೆ, ಮಗು ತಾಯಿಯ ಪಕ್ಕದಲ್ಲಿ ಮಲಗುತ್ತಿತ್ತು. ಎಲ್ಲವೂ ಸುಸೂತ್ರವಾಯಿತೆಂದಲ್ಲ. ಗಂಡ ಇವತ್ತಿಗೂ ಮಾತ್ರೆಯ ಪಟ್ಟಿಯನ್ನು ಗುಟ್ಟಾಗಿ ಎಣಿಸುತ್ತಾನೆ, ಆಕೆಗೆ ಅದು ಗೊತ್ತಿದೆ. ಊರಿನ ಮದುವೆಗಳಲ್ಲಿ ಆರತಿ ತಟ್ಟೆ ಹಿಡಿಯಲು ಆಕೆಯನ್ನು ಕರೆಯುವುದಿಲ್ಲ. ಅದನ್ನು ನನ್ನ ಕೊಠಡಿಯಲ್ಲಿ ಕೂತು ಸರಿಪಡಿಸಲು ನನಗೆ ಸಾಧ್ಯವಾಗಿಲ್ಲ.

ನಡುವೆ ಒಬ್ಬ ಚಿಕ್ಕಪ್ಪ ವಿಚ್ಛೇದನದ ಮಾತೆತ್ತಿದರು. ಹುಚ್ಚಿಗೆ ಕೋರ್ಟು ಒಂದೇ ಸಲಕ್ಕೆ ಬಿಡುಗಡೆ ಕೊಡುತ್ತದೆಂದು ಅವರ ತಿಳಿವಳಿಕೆ. 1955ರ ಹಿಂದೂ ವಿವಾಹ ಕಾಯ್ದೆಯ 13ನೆಯ ಸೆಕ್ಷನ್ನಿನಲ್ಲಿ ಮನೋರೋಗದ ಉಲ್ಲೇಖವಿರುವುದು ನಿಜ. ಆದರೆ ಕಾಯಿಲೆಯ ಹೆಸರು ಹೇಳಿದರೆ ಸಾಲದು, ಜೊತೆಯಲ್ಲಿ ಬಾಳಲು ಸಾಧ್ಯವೇ ಇಲ್ಲದಷ್ಟು ಅದು ತೀವ್ರವಾಗಿರಬೇಕೆಂದು ಸುಪ್ರೀಂ ಕೋರ್ಟು 1988ರಲ್ಲೇ ಹೇಳಿದೆ. ಇದನ್ನು ಗಂಡನಿಗೆ ವಿವರಿಸುವ ಅಗತ್ಯ ಬೀಳಲಿಲ್ಲ. ಚಿಕ್ಕಪ್ಪನಿಗೆ ಅವನೇ ಉತ್ತರ ಕೊಟ್ಟಿದ್ದ.

ಮೊನ್ನೆ ಫೆಬ್ರವರಿಯಲ್ಲಿ ಆಕೆ ಒಬ್ಬಳೇ ಬಸ್ಸಿನಲ್ಲಿ ಬಂದಳು. ಇನ್ನೊಂದು ಮಗು ಬೇಕೆನ್ನಿಸುತ್ತದೆ, ಆದರೆ ಹೆದರಿಕೆ ಎಂದಳು. ಒಮ್ಮೆ ಸನ್ನಿ ಬಂದವರಲ್ಲಿ ಸುಮಾರು ಮೂವರಿಗೆ ಒಬ್ಬರಂತೆ ಮುಂದಿನ ಹೆರಿಗೆಯಲ್ಲಿ ಮತ್ತೆ ಬರುತ್ತದೆಂಬುದನ್ನು ಮುಚ್ಚಿಡದೆ ಹೇಳಿದೆ. ಗರ್ಭ ನಿಲ್ಲುವ ಮೊದಲೇ ಮನೋವೈದ್ಯರನ್ನು ಕಾಣಬೇಕು. ವಾಲ್‌ಪ್ರೊಯೇಟ್‌ನಂಥ ಕೆಲವು ಔಷಧಿಗಳು ಗರ್ಭದ ಮಗುವಿಗೆ ಹಾನಿಕರವಾದ್ದರಿಂದ ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂಬುದನ್ನು ಅವರೇ ಹೇಳಬೇಕು. ಹೆರಿಗೆಯಾದ ದಿನದಿಂದ ರಾತ್ರಿಯ ನಿದ್ದೆಗೆ ಏರ್ಪಾಟಿರಬೇಕು. ಮತ್ತೆ ದಾಖಲಾಗುವ ಸ್ಥಿತಿ ಬಂದರೆ ತಾಯಿ ಮಗುವನ್ನು ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ನೀಡುವ ಘಟಕ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ ಎಂದೂ, ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆಂದೂ ತಿಳಿಸಿದೆ.

ಅದೇ ಕಾಯ್ದೆಯ 5ನೆಯ ಸೆಕ್ಷನ್ ಪ್ರಕಾರ, ಮುಂದೆ ಕಾಯಿಲೆಯಾದರೆ ತನಗೆ ಹೇಗೆ ಆರೈಕೆ ಆಗಬೇಕು, ಹೇಗೆ ಆಗಬಾರದು ಎಂದು ಆರೋಗ್ಯವಾಗಿರುವಾಗಲೇ ಬರೆದಿಡುವ ಹಕ್ಕು ವಯಸ್ಕರೆಲ್ಲರಿಗೂ ಇದೆ. ಅದರ ಕರಡನ್ನು ಆಕೆ ನನ್ನ ಮೇಜಿನ ಮೇಲೆಯೇ ಬರೆದಳು. ಮಾವನ ಹಳೆಯ ಡೈರಿಯಿಂದ ಹರಿದು ತಂದಿದ್ದ ಖಾಲಿ ಹಾಳೆ. ಅವರೇ ಕೊಟ್ಟು ಕಳಿಸಿದ್ದರಂತೆ.

"ನನ್ನಕ್ಕ ನನ್ನ ಜೊತೆ ಇರಬೇಕು. ನನ್ನ ಪರವಾಗಿ ಅವಳು ಮಾತಾಡಬೇಕು. ಕುಡಿಯಲು ನೀರು ಕೇಳಿದಷ್ಟು ಕೊಡಬೇಕು. ಕಿಟಕಿ ತೆಗೆದಿರಬೇಕು. ಹೊಗೆ ಹಾಕಬಾರದು. ಮಗುವನ್ನು ನನ್ನ ಕೈಗೆ ಕೊಡಲು ಆಗದಿದ್ದರೆ ನನ್ನ ಕಣ್ಣಿಗೆ ಕಾಣುವ ಹಾಗೆ ಇಡಬೇಕು. ನಾನು ಏನು ಹೇಳಿದೆ ಅಂತ ಬರೆಯುವವರು ನನಗೂ ಓದಿ ಹೇಳಬೇಕು."